ಟೊಮೇಟೊ ಶೆಡ್ಡಿನಲ್ಲಿ ಬ್ಲೂಟೂತ್ ಬೀಕನ್ ಪಳಗಿಸಿದ್ದು

ಕೋಲಾರದ ಮಂಡಿಯಲ್ಲಿ ನಮ್ಮ ಮಾವನದೊಂದು ಟೊಮೇಟೊ ಶೆಡ್ ಇದೆ. ಅಲ್ಲಿ ತಳ್ಳುಗಾಡಿ ಹುಡುಕೋದೇ ಅರ್ಧ ಕೆಲಸ. ಅದಕ್ಕೆ ಗಾಡಿಗೊಂದು ಬೀಕನ್ (ಬಿಡದೆ ಬ್ಲೂಟೂತ್ ಸಿಗ್ನಲ್ ಕಳಿಸುವ ಪುಟ್ಟ ಸಾಧನ) ಕಟ್ಟಿ, ಅದನ್ನು ಕೇಳಿಸಿಕೊಳ್ಳಲು ಮೂರು ಕಂಬಕ್ಕೆ ಹಳೇ ಫೋನ್ ಸಿಕ್ಕಿಸಿದೆ. ಸಿಗ್ನಲ್ ಎಷ್ಟು ಜೋರಾಗಿ ಸಿಕ್ಕಿತು ಅನ್ನೋದರಿಂದ ಫೋನಿನ ಆ್ಯಪ್ ದೂರ ಅಂದಾಜು ಮಾಡುತ್ತದೆ. ಖಾಲಿ ಶೆಡ್ಡಿನಲ್ಲಿ 2 ಮೀಟರ್ ಎಂದ ಆ್ಯಪ್, ಲೋಡ್ ಇಳಿದ ಮೇಲೆ ಅಲ್ಲೇ ನಿಂತಿದ್ದ ಗಾಡಿಗೆ 9 ಮೀಟರ್ ಎಂದಿತು.

ತಪ್ಪು ಆ್ಯಪ್‌ದಲ್ಲ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಆ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ಟೊಮೇಟೊ ಅಂದರೆ ಬಹುಪಾಲು ನೀರೇ ಅಲ್ವಾ? ನಡುವೆ ಓಡಾಡುವ ಹಮಾಲಿಗಳ ಮೈಯೂ ಅಷ್ಟೇ. ಸಿಗ್ನಲ್ ಸೊರಗಿದ್ದನ್ನು ಆ್ಯಪ್ ದೂರ ಅಂದುಕೊಂಡಿತು.

ಹಾಗಾಗಿ ಮೊದಲು ಕೋಡ್ ಮುಟ್ಟಬೇಡಿ, ಏಣಿ ತನ್ನಿ. ಫೋನನ್ನು ಬಾಕ್ಸುಗಳ ಅಟ್ಟಿಗಿಂತ, ಜನರ ತಲೆಗಿಂತ ಮೇಲೆ ಕಟ್ಟಿ. ಬೀಕನ್ನನ್ನು ಗಾಡಿಯ ಕಬ್ಬಿಣಕ್ಕೆ ನೇರವಾಗಿ ಅಂಟಿಸದೆ ನಡುವೆ ಮರದ ತುಂಡು ಕೊಡಿ.

ಸಿಗ್ನಲ್ ಬಲದ ಒಂದೇ ರೀಡಿಂಗ್ ನಂಬಬೇಡಿ. ಬೀಕನ್ 37, 38, 39 ಎಂಬ ಮೂರು ಚಾನೆಲ್‌ಗಳಲ್ಲಿ ಕೂಗುತ್ತದೆ. ತಗಡಿಗೆ ಬಡಿದು ವಾಪಸ್ ಬರುವ ಅಲೆ ಒಂದೊಂದು ಚಾನೆಲ್‌ನಲ್ಲಿ ಒಂದೊಂದು ಥರ ಸೇರುತ್ತದೆ. ಗಾಡಿ ಅಲುಗಾಡದಿದ್ದರೂ ಅಂಕಿ ಕುಣಿಯುತ್ತದೆ. ಕೊನೆಯ ಹನ್ನೊಂದು ರೀಡಿಂಗನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ. ಸರಾಸರಿ ಬೇಡ, ಒಂದು ಕೆಟ್ಟ ರೀಡಿಂಗ್ ಅದನ್ನು ಎಳೆದುಬಿಡುತ್ತದೆ.

ಮೀಟರೇ ಬೇಕು ಅನ್ನುವವರು 1 ಮೀಟರ್ ದೂರದಲ್ಲಿ ಸಿಗುವ ಸಿಗ್ನಲ್ ಬಲದ ಅಳತೆಯನ್ನು ಅಲ್ಲೇ, ಲೋಡ್ ತುಂಬಿದಾಗಲೇ ತೆಗೆಯಬೇಕು. ಅದು ಮೈನಸ್ 59 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಹೆಚ್ಚಿದಷ್ಟೂ ಸಿಗ್ನಲ್ ಕಮ್ಮಿ), ಈಗಿನ ರೀಡಿಂಗ್ ಮೈನಸ್ 75 ಅಂತಿಟ್ಟುಕೊಳ್ಳಿ. ದೂರ ಲೆಕ್ಕ ಹಾಕುವ ಸೂತ್ರದಲ್ಲಿ ನಷ್ಟದ ಘಾತ (ದೂರ ಹೋದಂತೆ ಸಿಗ್ನಲ್ ಎಷ್ಟು ಬೇಗ ಕುಗ್ಗುತ್ತದೆ ಎಂಬ ಅಂಕಿ) 2 ಹಾಕಿದರೆ ದೂರ 6.3 ಮೀಟರ್, 3 ಹಾಕಿದರೆ 3.4. ಬಯಲಿಗೆ 2 ಸರಿ. ಅಟ್ಟಿಗಳ ನಡುವೆ ಅಲ್ಲ.

ನಾನಂತೂ ಮೀಟರ್ ಬಿಟ್ಟೆ. ಮಾವ ಕೇಳಿದ್ದೇ ಬೇರೆ: "ಯಾವ ಕಂಬದ ಹತ್ರ ಅಂತ ಹೇಳಪ್ಪ, ಸಾಕು." ಮೂರೂ ಫೋನನ್ನು ಪಕ್ಕಪಕ್ಕ ಇಟ್ಟು, ಒಂದೇ ಬೀಕನ್ನಿಗೆ ಯಾವುದು ಎಷ್ಟು ಕಮ್ಮಿ ಓದುತ್ತದೆ ನೋಡಿ, ಆ ವ್ಯತ್ಯಾಸ ಸೇರಿಸಿದೆ. ಆಮೇಲೆ ಜೋರಾಗಿ ಕೇಳಿದ ಕಂಬಕ್ಕೆ ಗಾಡಿ. ಬೇರೆ ಕಂಬಕ್ಕೆ ಬದಲಾಗಬೇಕಾದರೆ ಅಲ್ಲಿ 5 ಡೆಸಿಬಲ್ ಜಾಸ್ತಿ ಇರಬೇಕು, ಅದೂ ಮೂರು ಸೆಕೆಂಡ್ ಬಿಡದೆ. ಈ ಷರತ್ತು ಇಲ್ಲದಾಗ ಗಡಿಯಲ್ಲಿ ನಿಂತ ಗಾಡಿ ಸುಮ್ನೆ ಆಚೆ ಈಚೆ ಜಿಗಿಯುತ್ತಿತ್ತು.

ಈಗಲೂ ಒಂದು ಗಾಡಿ ಕೈಕೊಡುತ್ತದೆ. ಅದರ ಬೀಕನ್ ಮೇಲೇ ಯಾರೋ ಬಾಕ್ಸ್ ಇಡುತ್ತಾರೆ.