ನೀರಿನ ಜ್ವರ ನೋಡಿದ ಕಥೆ

ಮದುವೆಯಾಗಿ ಬೆಂಗಳೂರಿಗೆ ಬಂದ ಹೊಸತರಲ್ಲಿ ನಾನು ಮಾಡಿದ ಸಾರಿನಲ್ಲಿ ಬೇಳೆ ಒಂದು ಕಡೆ, ನೀರು ಒಂದು ಕಡೆ. ಉಡುಪಿ ಹತ್ತಿರದ ತವರುಮನೆಯಲ್ಲಿ ಮೂರು ಸೀಟಿಗೆ ಬೆಣ್ಣೆಯಾಗುತ್ತಿದ್ದ ತೊಗರಿಬೇಳೆ ಇಲ್ಲಿ ಆರು ಸೀಟಿ ಕೂಗಿಸಿದರೂ ಹಲ್ಲಿಗೆ ಸಿಗುತ್ತಿತ್ತು. "ನಿಮ್ಮೂರಲ್ಲಿ ಬೇಳೆ ನೆನೆಸೋ ಅಭ್ಯಾಸ ಇಲ್ವೇನಮ್ಮ?" ಅಂತ ಮೈಸೂರಿನಿಂದ ಬಂದಿದ್ದ ಅತ್ತೆ ಕೇಳಿದರು. ಅವರ ಮಾತಿನಲ್ಲಿ ಕೊಂಕೇನೂ ಇರಲಿಲ್ಲ, ಆದರೂ ಚುಚ್ಚಿತು. ಅಂಗಡಿ ಬದಲಿಸಿದೆ, ಕುಕ್ಕರಿನ ಗ್ಯಾಸ್ಕೆಟ್ ಬದಲಿಸಿದೆ. ಬೇಳೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಅತ್ತೆ ಚಿಟಿಕೆ ಅಡುಗೆ ಸೋಡ ಹಾಕಿ ಬೇಯಿಸಿ ತೋರಿಸಿದರು. ಬೆಂದಿತು. ಯಾಕೆ ಅಂದರೆ, "ಸೋಡ ಉಷ್ಣ, ಬೇಳೆಗೆ ಕಾವು ಹತ್ತುತ್ತೆ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ, ಎದುರಾಡಲೂ ಇಲ್ಲ. ಪ್ರಶ್ನೆ ಹಾಗೇ ಎಂಟು ವರ್ಷ ಕೂತಿತ್ತು.

ಅದಕ್ಕೆ ಮತ್ತೆ ಜೀವ ಬಂದದ್ದು ಮಗನ ವಿಜ್ಞಾನದ ಪ್ರಾಜೆಕ್ಟಿನಿಂದ. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಅಂತ ಅಳೆದು ಬರೆಯಬೇಕಿತ್ತು. ಗಾಜಿನ ಥರ್ಮಾಮೀಟರ್ ತಂದು, ಪಾತ್ರೆಯಲ್ಲಿ ನೀರು ತಳತಳ ಕುದಿಯುವಾಗ ಇಳಿಬಿಟ್ಟೆವು. 97ಕ್ಕೆ ಹೋಗಿ ನಿಂತಿತು. ಉರಿ ಜಾಸ್ತಿ ಮಾಡಿದರೂ 97. ಕೆಟ್ಟ ಮಾಲು ಕೊಟ್ಟಿದ್ದೀರಿ ಅಂತ ಅಂಗಡಿಗೆ ಹೋಗಿ ಜಗಳವಾಡಿದೆ. ಪಾಪ, ಅಂಗಡಿಯವರು ಮಾತಾಡದೆ ಇನ್ನೊಂದು ಕೊಟ್ಟರು. ಅದೂ 97. ಎರಡೂ ಒಂದೇ ಥರ ಕೆಟ್ಟಿರುವುದು ಹೇಗೆ? ಮಗ ಪ್ರಾಜೆಕ್ಟಿನಲ್ಲಿ ಕಂಡದ್ದನ್ನೇ ಬರೆದ; ಮಿಸ್ಸು ಕೆಂಪು ಶಾಯಿಯಲ್ಲಿ 100 ಮಾಡಿ ಕಳಿಸಿದರು.

ಆ ದಸರಾ ರಜೆಯಲ್ಲಿ ಥರ್ಮಾಮೀಟರನ್ನು ಪೇಪರಿನಲ್ಲಿ ಸುತ್ತಿ ಊರಿಗೆ ಒಯ್ದೆ. ಅಮ್ಮನ ಒಲೆಯ ಮೇಲೆ ನೀರಿಟ್ಟು ಬಗ್ಗಿ ನೋಡುತ್ತಿದ್ದರೆ, "ಎಂತ ಮಾರಾಯ್ತಿ, ನೀರಿಗೂ ಜ್ವರ ಉಂಟಾ?" ಅಂತ ಅಮ್ಮ ನಕ್ಕಳು. ಪಾದರಸ 97 ದಾಟಿತು, 98, 99, ಗೀಟಿನ ಮೇಲೆ ಸರಿಯಾಗಿ 100. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ನೀರು ಕಡಿಮೆ ಡಿಗ್ರಿಗೇ ಕುದಿಯುತ್ತದೆ, ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿಯಂತೆ. ಅಂಗಡಿಯವರ ಹತ್ತಿರ ಹೋಗಿ ತಪ್ಪಾಯಿತು ಅಂದು ಬಂದೆ.

ಬೇಳೆಯ ಗುಟ್ಟೂ ಸಿಕ್ಕಿತು ಅಂತ ಬೀಗಿದೆ. ನೀರು ಮೂರು ಡಿಗ್ರಿ ತಣ್ಣಗೆ, ಹಾಗಾಗಿ ಬೇಳೆ ಬೇಯುವುದಿಲ್ಲ. ಎಷ್ಟು ಚೆನ್ನಾಗಿ ಕೂಡಿ ಬರುತ್ತದೆ! ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ. ಆಮೇಲೆ ಒಂದು ದಿನ ಕುಕ್ಕರ್ ಮುಚ್ಚುವಾಗ ಹೊಳೆಯಿತು: ನಾನು ಬೇಯಿಸುವುದು ತೆರೆದ ಪಾತ್ರೆಯಲ್ಲಲ್ಲವಲ್ಲ. ಕುಕ್ಕರಿನ ವೆಯ್ಟು ಒಳಗಿನ ಒತ್ತಡವನ್ನು ಏರಿಸಿ, ನೀರನ್ನು ಹತ್ತಿರಹತ್ತಿರ 120 ಡಿಗ್ರಿಗೆ ಒಯ್ಯುತ್ತದೆ. ಉಡುಪಿಗೂ ಬೆಂಗಳೂರಿಗೂ ಅಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸ ಬಂದೀತು. ಅದಕ್ಕಾಗಿ ಮೂರು ಸೀಟಿ ಹೆಚ್ಚು ಬೇಕೇ?

ಉಳಿದದ್ದು ನೀರು. ನಮ್ಮ ಬಡಾವಣೆಯದು ಬೋರ್‌ವೆಲ್ ನೀರು. ಸೋಪು ನೊರೆ ಬರುವುದಿಲ್ಲ, ಕೆಟಲಿನ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಆ ಹಕ್ಕಳೆ ಕೆರೆದು ಅದರ ಮೇಲೆ ನಿಂಬೆರಸ ಬಿಟ್ಟೆ. ಬುಸ್ಸೆಂದು ಗುಳ್ಳೆ ಎದ್ದಿತು. ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದಕಲ್ಲಿನ ಜಾತಿ.

ಒಂದು ಭಾನುವಾರ ನಾಲ್ಕು ಪಾತ್ರೆ ಇಟ್ಟು ಕೂತೆ. ನಾಲ್ಕಕ್ಕೂ ಒಂದೇ ಪೊಟ್ಟಣದ ಬೇಳೆ, ಕಾಲು ಲೋಟದಂತೆ. ಮುಚ್ಚಳವಿಲ್ಲ, ಕುಕ್ಕರಿಲ್ಲ. ಮೊದಲನೆಯದಕ್ಕೆ ಬೋರ್ ನೀರು, ಎರಡನೆಯದಕ್ಕೆ ಆರ್‌ಒ ಫಿಲ್ಟರ್ ನೀರು, ಮೂರನೆಯದಕ್ಕೆ ಬೋರ್ ನೀರಿನ ಜೊತೆ ಚಿಟಿಕೆ ಸೋಡ, ನಾಲ್ಕನೆಯದಕ್ಕೆ ಫಿಲ್ಟರ್ ನೀರಿನ ಜೊತೆ ಹುಣಸೆರಸ. ಐದೈದು ನಿಮಿಷಕ್ಕೆ ಒಂದೊಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡುವುದು. ಸೋಡದ್ದು ಎಲ್ಲಕ್ಕಿಂತ ಮೊದಲು ನುಣ್ಣಗಾಯಿತು, ಸ್ವಲ್ಪ ಸೋಪಿನ ವಾಸನೆಯೊಂದಿಗೆ. ಫಿಲ್ಟರ್ ನೀರಿನದು ಮುಕ್ಕಾಲು ಗಂಟೆಗೆ. ಬೋರ್ ನೀರಿನದು ಒಂದೂಕಾಲು ಗಂಟೆಯಾದರೂ ನಡುವೆ ಹರಳು ಹರಳು. ಹುಣಸೆಯದು? ಗ್ಯಾಸ್ ದಂಡವೆಂದು ನಾನೇ ಆರಿಸಿದೆ.

ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್, ಜಾಮ್ ಗಟ್ಟಿಯಾಗುವುದಕ್ಕೆ ಕಾರಣವಾದ ಅದೇ ಪದಾರ್ಥ. ಬೇಳೆ ಬೇಯುವುದೆಂದರೆ ಬಹುಮಟ್ಟಿಗೆ ಆ ಅಂಟು ಬಿಡುವುದು. ಗಡಸು ನೀರಿನ ಕ್ಯಾಲ್ಸಿಯಂ ಆ ಅಂಟಿಗೆ ಹೊಲಿಗೆ ಹಾಕಿದ ಹಾಗೆ. ಹುಳಿಯೂ ಅದನ್ನು ಬಿಡಗೊಡುವುದಿಲ್ಲ. ಸೋಡ ಕ್ಷಾರ, ಅದು ಹೊಲಿಗೆ ಬಿಚ್ಚುತ್ತದೆ. ಜೊತೆಗೆ ಬೇಳೆಯ ಬಿ1 ಜೀವಸತ್ವವನ್ನೂ ಹಾಳುಮಾಡುತ್ತದೆ, ಅದಕ್ಕೇ ನಾನು ಸೋಡದ ಕಡೆ ಹೋಗುವುದಿಲ್ಲ. ಅತ್ತೆ ಹುಣಸೆಯನ್ನು ಯಾವಾಗಲೂ ಬೇಳೆ ಬೆಂದ ಮೇಲೇ ಹಾಕುವವರು. ಕೇಳಿದರೆ "ಮೊದಲೇ ಹಾಕಿದ್ರೆ ಹುಳಿ ಆರಿಹೋಗುತ್ತೆ" ಅನ್ನುತ್ತಿದ್ದರು. ಅವರು ಕೊಡುವ ಕಾರಣ ಎಷ್ಟೋ ಸಲ ತಪ್ಪಿರುತ್ತದೆ, ಮಾಡುವ ಕೆಲಸ ತಪ್ಪಿದ್ದನ್ನು ನಾನು ಕಂಡದ್ದು ಕಡಿಮೆ.

ಅವತ್ತಿನಿಂದ ಫ್ರಿಜ್ಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಅದರಲ್ಲಿ ಅರಿಶಿನದ ಪುಟವಿದೆ: ಬಿಳಿ ಪಂಚೆಯ ಮೇಲೆ ಬಿದ್ದ ಸಾರಿನ ಕಲೆ ಸೋಪು ತಾಗಿದ ಕೂಡಲೇ ರಕ್ತದ ಹಾಗೆ ಕೆಂಪಾಗಿತ್ತು. ಆರತಿಗೆ ಅರಿಶಿನ, ಸುಣ್ಣ ಕಲಸಿ ಓಕುಳಿ ಮಾಡುವುದೂ ಇದೇ ಗುಣದಿಂದ. ಕ್ಷಾರ ತಾಗಿದರೆ ಅರಿಶಿನ ಕೆಂಪು, ನಿಂಬೆಹುಳಿ ತಾಗಿದರೆ ಮತ್ತೆ ಹಳದಿ. ಉಳಿದ ಹಳದಿಯನ್ನು ಬಿಸಿಲೇ ತಿಂದು ಹಾಕುತ್ತದೆ. ಎರಡು ದಿನ ತಂತಿಯ ಮೇಲೆ ಹಾಕಿದರೆ ಸಾಕು.

ಇಂಗಿನ ಪುಟ ಬರೆದದ್ದು ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದಿಂದ. ಪುಡಿ ಇಂಗಿನ ಮೇಲೆ ಒಂದು ತೊಟ್ಟು ಬಿಟ್ಟೆ, ಕಡುನೀಲಿಯಾಯಿತು. ಪಿಷ್ಟವಿದೆ ಎಂದರ್ಥ. ಕಲಬೆರಕೆ ಅಂತ ಕೂಗಾಡುವ ಮೊದಲು ಡಬ್ಬಿ ತಿರುಗಿಸಿ ಓದಿದೆ (ಥರ್ಮಾಮೀಟರಿನ ಪಾಠ): ಗೋಧಿಹಿಟ್ಟು, ಗೋಂದು ಎಂದು ಅವರೇ ಅಚ್ಚು ಹಾಕಿದ್ದಾರೆ. ಇಂಗೆಂದರೆ ಅಫ್ಘಾನಿಸ್ತಾನ, ಇರಾನ್ ಕಡೆಯ ಗಿಡವೊಂದರ ಬೇರಿನಿಂದ ಇಳಿಸುವ ಅಂಟು. ಅದರ ಘಾಟು ಎಷ್ಟೆಂದರೆ ಹಿಟ್ಟು ಬೆರೆಸದೆ ಬಳಸುವುದೇ ಕಷ್ಟ. ಗೋಧಿ ಒಗ್ಗದ ನನ್ನ ನಾದಿನಿಗೆ ಇದು ಗೊತ್ತೇ ಇರಲಿಲ್ಲ, ಈಗ ಅಕ್ಕಿಹಿಟ್ಟಿನದನ್ನು ಹುಡುಕಿ ತರುತ್ತಾಳೆ.

ಕಳೆದ ತಿಂಗಳು ಅಮ್ಮ ಬಂದಿದ್ದಳು. ನಾನು ಸ್ನಾನಕ್ಕೆ ಹೋದಾಗ ಅವಳೇ ಸಾರಿಗೆ ಬೇಳೆ ಇಟ್ಟಿದ್ದಾಳೆ, ನಲ್ಲಿ ನೀರು ಹಿಡಿದು. ಹೊರಗೆ ಬರುವಷ್ಟರಲ್ಲಿ ಐದನೆಯ ಸೀಟಿ. ಮುಚ್ಚಳ ತೆಗೆದು ಸೌಟಿನಲ್ಲಿ ಒತ್ತಿ ನೋಡಿ, "ಎಂತ ಬೇಳೆ ಮಾರಾಯ್ತಿ ಇದು, ಕಲ್ಲು!" ಅಂದಳು. ಫ್ರಿಜ್ಜಿನ ಮೇಲಿನ ನೋಟ್‌ಬುಕ್ ತೆಗೆದು ಮೊದಲನೆಯ ಪುಟ ಬಿಚ್ಚಿ ಅವಳ ಮುಂದಿಟ್ಟೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಲು ಹೋದಳು.