ಲ್ಯಾಪ್‌ಟಾಪ್ ವೈಫೈ ಕಾರ್ಡ್ ನಾನೇ ಬದಲಿಸಿದೆ, ಎರಡನೇ ಸಲಕ್ಕೆ

ನಾನು ವಿಜಯಪುರದಲ್ಲಿ ಮನೆಯಲ್ಲೇ ಕೂತು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಬಟ್ಟೆ ಅಂಗಡಿ, ಕಿರಾಣಿ, ಒಂದಿಬ್ಬರು ಒಣದ್ರಾಕ್ಷಿ ವ್ಯಾಪಾರಿಗಳು. ಜಿಎಸ್‌ಟಿ 3ಬಿ, ಅಂದರೆ ತಿಂಗಳ ರಿಟರ್ನ್, ತುಂಬೋಕೆ ತಿಂಗಳಿನ 20ನೇ ತಾರೀಖು ಕೊನೆ. ನಮ್ಮ ಗಿರಾಕಿಗಳು ಬಿಲ್ಲು ತಂದುಕೊಡುವುದು 19ರ ಸಂಜೆ. ಅಂಥ ದಿನ ಓಟಿಪಿ ಹಾಕುವ ಹೊತ್ತಿಗೆ ಸರಿಯಾಗಿ ವೈಫೈ ಬಿಟ್ಟುಹೋದರೆ ಹೇಗಿರುತ್ತೆ ಅಂತ ಈ ಕೆಲಸ ಮಾಡುವವರಿಗೆ ಗೊತ್ತು.

ಮೊದಲು ನೆಟ್ ಕಂಪನಿಯವರನ್ನು ಬೈದೆ. 100 ಎಂಬಿಪಿಎಸ್ ಪ್ಲಾನು, ಲ್ಯಾಪ್‌ಟಾಪಿಗೆ ಬರುತ್ತಿದ್ದದ್ದು 18, 20. ಅವರ ಹುಡುಗ ಬಂದು ತನ್ನ ಫೋನಿನಲ್ಲಿ ಅದೇ ಜಾಗದಲ್ಲಿ ನಿಂತು 94 ತೋರಿಸಿದ. 'ನಮ್ಮ ಕಡೆ ಎಲ್ಲಾ ಬರೋಬರಿ ಐತ್ರಿ ಸರ, ನಿಮ್ಮ ಲ್ಯಾಪ್‌ಟಾಪ್ ನೋಡ್ಕೊಳ್ರಿ' ಅಂದ. ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ, 'ಬೋರ್ಡ್ ಹಳೇದಾತ್ರಿ, ಹೊಸಾದ ತಗೊಂಡ್ಬಿಡ್ರಿ' ಅಂದರು. ಬಿಚ್ಚಿ ಕೂಡ ನೋಡಲಿಲ್ಲ.

ಅವತ್ತು ರಾತ್ರಿ ಸಿಟ್ಟಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್‌ಎಸ್ಎಚ್ ಡಬ್ಲ್ಯುಲ್ಯಾನ್ ಶೋ ಡ್ರೈವರ್ಸ್' (netsh wlan show drivers) ಅಂತ ಹೊಡೆದೆ. ಕಾರ್ಡಿಗೆ ಏನೇನು ಬರುತ್ತೆ ಅಂತ ಅದು ಹೇಳುತ್ತೆ. ನನ್ನದರಲ್ಲಿ 802.11ಬಿ, ಜಿ, ಎನ್, ಅಷ್ಟೇ. ಇವು ಹಳೆಯ ವೈಫೈ ಬಗೆಗಳು. ಅಂದರೆ ಬರೀ 2.4 ಗಿಗಾಹರ್ಟ್ಸ್ ತರಂಗ, ಅದಕ್ಕಿಂತ ವೇಗದ 5 ಗಿಗಾಹರ್ಟ್ಸ್ ಇಲ್ಲ. ಎನ್ ಅನ್ನೋದು 2009ರ ಮಾನದಂಡ, ನನ್ನ ಲ್ಯಾಪ್‌ಟಾಪ್ 2017ರದ್ದು! ಐ5 ಏಳನೇ ತಲೆಮಾರಿನ ಪ್ರೊಸೆಸರ್ ಹಾಕಿ, ವೈಫೈಗೆ ಮಾತ್ರ ಇದ್ದುದರಲ್ಲೇ ಅಗ್ಗದ ಒಂದು ಆಂಟೆನಾದ ಕಾರ್ಡ್ ಹಾಕಿ ಕಳಿಸಿದ್ದರು. ಸಂಪರ್ಕದ ವೇಗ 72 ಎಂಬಿಪಿಎಸ್ ಅಂತ ತೋರಿಸುತ್ತಿತ್ತು. ಅದು ಕಾಗದದ ಮೇಲಿನ ವೇಗ, ಕೈಗೆ ಸಿಗುವುದು ಅದರ ಅರ್ಧ. ಅದರ ಮೇಲೆ 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು ಮೂರೇ, 1, 6, 11. ನಮ್ಮ ಓಣಿಯಲ್ಲಿ ರೂಟರ್‌ಗಳು ಹದಿನೈದಕ್ಕೂ ಜಾಸ್ತಿ. ಸಂಜೆ ಎಲ್ಲರೂ ಮನೆಗೆ ಬಂದು ಮೊಬೈಲ್ ಹಿಡಿದರೆ ನನ್ನದು ತೆವಳುತ್ತಿತ್ತು.

ಯುಎಸ್‌ಬಿ ಡಾಂಗಲ್ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಇರುವ ಮೂರು ಪೋರ್ಟಿನಲ್ಲಿ ಒಂದು ಸಡಿಲವಾಗಿದೆ, ಒಂದಕ್ಕೆ ಮೌಸ್, ಇನ್ನೊಂದಕ್ಕೆ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್. ಮುಗೀತು.

ಇಲ್ಲಿ ನಾನು ತಪ್ಪು ಮಾಡಿದೆ. ಲ್ಯಾಪ್‌ಟಾಪ್ ಬಿಚ್ಚಿ ನೋಡದೆ, ಸುಮ್ನೆ ಆನ್‌ಲೈನ್‌ನಲ್ಲಿ ಇಂಟೆಲ್ ಎಎಕ್ಸ್201 ತರಿಸಿದೆ. ವೈಫೈ 6, ಬೆಲೆಯೂ ಕಡಿಮೆ, ಇನ್ನೇನು ಬೇಕು ಅಂತ. ಕಾರ್ಡ್ ಸ್ಲಾಟಿನಲ್ಲಿ ಚೆನ್ನಾಗಿಯೇ ಕೂತಿತು. ಆನ್ ಮಾಡಿದರೆ ವೈಫೈ ಇಲ್ಲ, ಬ್ಲೂಟೂತ್ ಇಲ್ಲ, ಡಿವೈಸ್ ಮ್ಯಾನೇಜರ್‌ನಲ್ಲಿ ಹೆಸರೂ ಇಲ್ಲ. ಡ್ರೈವರ್ ಹಾಕಿದೆ, ತೆಗೆದೆ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಶುರುವಾಗುವ ಸೆಟ್ಟಿಂಗ್) ಹುಡುಕಿದೆ, ಮಧ್ಯರಾತ್ರಿವರೆಗೆ ಇದೇ ಆಯಿತು. ಆಮೇಲೆ ತಿಳಿದದ್ದು, 201 ಮತ್ತು 211 ಪೂರ್ತಿ ಕಾರ್ಡುಗಳೇ ಅಲ್ಲ. ಇವಕ್ಕೆ ಸಿಎನ್‌ವಿಐ ಅನ್ನುತ್ತಾರೆ. ವೈಫೈಯ ಮುಖ್ಯ ಕೆಲಸವೆಲ್ಲ ಇಂಟೆಲ್ ಪ್ರೊಸೆಸರ್ ಅಥವಾ ಚಿಪ್‌ಸೆಟ್ ಒಳಗೇ ನಡೆಯುತ್ತೆ, ಕಾರ್ಡಿನಲ್ಲಿ ಇರುವುದು ರೇಡಿಯೋ ಭಾಗ ಮಾತ್ರ. ಅಡುಗೆ ಒಳಗೆ, ಇದು ಬರೀ ಬಡಿಸುವವನು. ನನ್ನ ಏಳನೇ ತಲೆಮಾರಿನಲ್ಲಿ ಆ ಅಡುಗೆಮನೆಯೇ ಇಲ್ಲ. ಎಎಂಡಿ ಲ್ಯಾಪ್‌ಟಾಪುಗಳಲ್ಲೂ ಇವು ನಡೆಯುವುದಿಲ್ಲ. ಅದೇ ಹೊತ್ತಿನ 200 ಮತ್ತು 210 ಪೂರ್ತಿ ಕಾರ್ಡುಗಳು, ಸ್ಲಾಟಿನ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲೇ ಕೆಲಸ ಮಾಡುತ್ತವೆ. ಕೊನೆಯ ಒಂದು ಅಂಕಿಯ ವ್ಯತ್ಯಾಸ, ಸ್ಲಾಟಿನಲ್ಲಿ ಎರಡೂ ಕೂರುತ್ತವೆ, ಅದಕ್ಕೇ ಮೋಸ ಹೋಗೋದು.

ಎರಡನೇ ಸಲ ಎಎಕ್ಸ್210 ತರಿಸಿದೆ, ಸುಮಾರು ಒಂದೂವರೆ ಸಾವಿರ. ಈ ಸಲ ಮೊದಲು ಒಳಗೆ ಸರಿಯಾಗಿ ನೋಡಿಕೊಂಡೆ. ಸ್ಲಾಟು ಎಂ.2, ಕಾರ್ಡಿನ ಅಳತೆ 2230, ಅಂದರೆ 22 ಮಿಲಿಮೀಟರ್ ಅಗಲ, 30 ಉದ್ದ. ಇನ್ನೂ ಹಳೆಯ ಲ್ಯಾಪ್‌ಟಾಪಾದರೆ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಇರುತ್ತೆ, ಅದರ ಕಾರ್ಡೇ ಬೇರೆ, ಆಂಟೆನಾ ತಂತಿ ಸಿಕ್ಕಿಸುವ ಗುಂಡಿಯೂ ಸ್ವಲ್ಪ ದೊಡ್ಡದು. ಅದಕ್ಕಿಂತ ಮುಖ್ಯ, ಆಂಟೆನಾ ತಂತಿ ಎಷ್ಟಿವೆ ಅನ್ನೋದು. ಹಳೆಯ ಕಾರ್ಡಿಗೆ ಒಂದೇ ತಂತಿ ಹಾಕಿದ್ದರು. ಹೊಸದಕ್ಕೆ ಎರಡು ಬೇಕು, ಇನ್ನೊಂದು ಇಲ್ಲದಿದ್ದರೆ ಅರ್ಧ ದುಡ್ಡು ನೀರಿಗೆ ಅಂತ ಎದೆ ಢವಢವ. ನೋಡಿದರೆ ಬಿಳಿ ತಂತಿಯೊಂದು ಪ್ಲಾಸ್ಟಿಕ್ ತೋಳು ಹಾಕಿಕೊಂಡು ಹಿಂಜ್ ಪಕ್ಕ ಮುದುಡಿ ಮಲಗಿತ್ತು. ಖುಷಿಗೆ ಒಂದು ಚಾ ಕುಡಿದೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಶಟ್‌ಡೌನ್ ಮಾಡಿ ಚಾರ್ಜರ್ ತೆಗೆದೆ. ತಳದ ಸ್ಕ್ರೂಗಳು ಎಲ್ಲಾ ಒಂದೇ ಉದ್ದ ಇರಲ್ಲ. ಉದ್ದದ್ದನ್ನು ಗಿಡ್ಡದರ ಜಾಗದಲ್ಲಿ ತಿರುವಿದರೆ ಮೇಲೆ ಕೀಬೋರ್ಡ್ ಕಡೆ ಉಬ್ಬುತ್ತೆ. ನಾನು ಅವ್ವನ ಇಡ್ಲಿ ತಟ್ಟೆ ತಂದು, ಒಂದೊಂದು ಮೂಲೆಯ ಸ್ಕ್ರೂಗೆ ಒಂದೊಂದು ಗುಳಿ ಮಾಡಿದೆ. ಮುಚ್ಚಳದ ಸುತ್ತ ಹಳೆಯ ಎಟಿಎಂ ಕಾರ್ಡ್ ತೂರಿಸಿ ಸಾಗಿದರೆ ಟಕ್ ಟಕ್ ಅಂತ ಬಿಡುತ್ತೆ. ತಗಡಿನ ಚಾಕು ಬೇಡ. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಳಚಿದೆ. ನಮ್ಮ ಕಡೆ ಮಾರ್ಚ್ ಏಪ್ರಿಲ್‌ನಲ್ಲಿ ಗಾಳಿ ಎಷ್ಟು ಒಣ ಅಂದರೆ ಪಾಲಿಸ್ಟರ್ ಅಂಗಿ ತೆಗೆಯುವಾಗ ಚಿಟಚಿಟ ಅನ್ನುತ್ತೆ, ಅದೇ ಚಿಟಚಿಟ ಕಾರ್ಡಿಗೆ ತಾಗಿದರೆ ಚಿಪ್ ಹೋಗಬಹುದು. ಹತ್ತಿ ಬನಿಯನ್ನಿನಲ್ಲಿ, ಬರಿಗಾಲಲ್ಲಿ ಕಲ್ಲಿನ ನೆಲದ ಮೇಲೆ ಕೂತು, ನಡುನಡುವೆ ಕಬ್ಬಿಣದ ನಳ ಮುಟ್ಟಿ ಬಂದೆ. ಕಾರ್ಡನ್ನು ಅಂಚಿನಲ್ಲೇ ಹಿಡಿಯಬೇಕು.

ಹಳೆಯ ಕಾರ್ಡಿನ ಒಂದೇ ಸ್ಕ್ರೂ ತೆಗೆದರೆ ಅದು ತಾನೇ ಓರೆಯಾಗಿ ಎದ್ದು ನಿಲ್ಲುತ್ತೆ. ಹೊಸದನ್ನು ಅದೇ ಓರೆಯಲ್ಲಿ ತೂರಿಸಿ, ಒತ್ತಿ, ಸ್ಕ್ರೂ ಹಾಕಿದೆ. ಆಮೇಲೆ ಆಂಟೆನಾ. ಇದೊಂದೇ ನಿಜವಾಗಿ ಬೆವರಿಳಿಸಿದ ಕೆಲಸ. ಗುಂಡಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಓರೆಯಾಗಿ ಒತ್ತಿದರೆ ಅದರ ಅಂಚು ಸೊಟ್ಟಗಾಗಿ ಮತ್ತೆ ಕೂರಲ್ಲ. ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿ ಹಿಡಿದು, ಚಿಮಟದಿಂದ ನೇರ ಮೇಲೆ ತಂದು, ಉಗುರಿನಿಂದ ಒತ್ತಿದೆ. ಸಣ್ಣಗೆ ಚಿಟ್ ಅಂದರೆ ಕೂತಿತು ಅಂತ. ಯಾವ ತಂತಿ ಯಾವುದಕ್ಕೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಅದಲುಬದಲಾದರೂ ವೈಫೈ ನಡೆಯುತ್ತೆ.

ಕೆಲವು ಕಂಪನಿಗಳು ಹಳೆಯ ಮಾಡೆಲ್‌ಗಳಲ್ಲಿ ಬಯಾಸ್‌ನಲ್ಲೇ ಬೀಗ ಹಾಕಿವೆ, ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಲ್ಯಾಪ್‌ಟಾಪ್ ಶುರುವೇ ಆಗಲ್ಲ. ಖರೀದಿಗೆ ಮೊದಲು ನಿಮ್ಮ ಮಾಡೆಲ್ ಹೆಸರು ಹಾಕಿ ಹುಡುಕಿ. ನನ್ನದಕ್ಕೆ ಆ ಕಾಟ ಇರಲಿಲ್ಲ. ವಿಂಡೋಸ್ 10 ಇತ್ತು, ಡ್ರೈವರ್ ಮೊದಲೇ ಪೆನ್ ಡ್ರೈವ್‌ಗೆ ಇಳಿಸಿಟ್ಟಿದ್ದೆ. ಕಾರ್ಡ್ ಬದಲಾದ ಮೇಲೆ ನೆಟ್ಟೇ ಇರಲ್ಲ, ಆಗ ಡ್ರೈವರ್ ಎಲ್ಲಿಂದ ತರ್ತೀರಿ? ವೈಫೈಗೆ ಒಂದು, ಬ್ಲೂಟೂತ್‌ಗೆ ಒಂದು, ಎರಡೂ ಬೇಕು. ಕಾರ್ಡ್ ಒಂದೇ ಆದರೂ ಬ್ಲೂಟೂತ್ ಒಳಗೊಳಗೆ ಯುಎಸ್‌ಬಿ ದಾರಿಯಲ್ಲಿ ಓಡುತ್ತೆ. ಲಿನಕ್ಸ್‌ನವರಿಗೆ ಕರ್ನೆಲ್ 5.10 ಅಥವಾ ಅದಕ್ಕಿಂತ ಹೊಸದು ಇದ್ದರೆ 210 ತಾನಾಗಿಯೇ ನಡೆಯುತ್ತೆ.

ಪಡಸಾಲೆಯಲ್ಲಿ ರೂಟರ್ ಪಕ್ಕ ಕೂತು 5 ಗಿಗಾಹರ್ಟ್ಸ್‌ನಲ್ಲಿ ನೋಡಿದರೆ ಸಂಪರ್ಕದ ವೇಗ 866, ಕೈಗೆ 95. ಪ್ಲಾನಿನ ಪೂರ್ತಿ. ರೂಟರ್ ವೈಫೈ 5ರದ್ದು, ಹಾಗಾಗಿ ಕಾರ್ಡಿನ ವೈಫೈ 6ಇ (6ರ ಮುಂದಿನ ರೂಪ) ಸದ್ಯಕ್ಕೆ ಅಲಂಕಾರಕ್ಕೆ. ಕೇಳಿದರೆ ಎಎಕ್ಸ್200 ಕಾರ್ಡೇ ಸಾಕಿತ್ತು ಅನ್ನುತ್ತೇನೆ.

ಆದರೆ ನಾನು ಕೆಲಸ ಮಾಡುವುದು ಒಳಕೋಣೆಯಲ್ಲಿ. ನಮ್ಮದು ಹಳೆಯ ಮಾಳಿಗೆ ಮನೆ, ನಡುವಿನ ಗೋಡೆ ಎರಡಡಿ ದಪ್ಪ, ಕಲ್ಲು ಮಣ್ಣಿನದ್ದು. ಗೋಲಗುಮ್ಮಟದಲ್ಲಿ ಪಿಸುಗುಟ್ಟಿದರೆ ಆಚೆ ಬದಿಗೆ ಕೇಳುತ್ತೆ, ಇಲ್ಲಿ 5 ಗಿಗಾಹರ್ಟ್ಸ್ ಒಂದು ಗೋಡೆ ಸರಿಯಾಗಿ ದಾಟಲ್ಲ. 2.4 ದಾಟುತ್ತೆ, 5 ಸೋಲುತ್ತೆ, ಅದರ ಗುಣವೇ ಹಾಗೆ. ಬಾಗಿಲು ಹಾಕಿದರೆ ಒಂದು ಗೆರೆ, 30ರ ಆಸುಪಾಸು. ಬಾಗಿಲು ತೆರೆದು ಮೇಜನ್ನು ಅದರ ನೇರಕ್ಕೆ ಸರಿಸಿದರೆ 80. ಹಾಗಾಗಿ ಈಗ ಬಾಗಿಲು ಇಡೀ ದಿನ ತೆರೆದೇ ಇರುತ್ತೆ. ಹೋದ ತಿಂಗಳು 20ಕ್ಕೆ ಹನ್ನೊಂದು ರಿಟರ್ನ್ ಹಾಕಿದೆ, ಒಂದು ಸಲವೂ ಬಿಡಲಿಲ್ಲ. ಹಾಲಿನ ಪಾತ್ರೆ ಇರುವುದೂ ಅದೇ ಕೋಣೆಯಲ್ಲಿ. 'ಆ ಬಾಗಲಾ ಹಾಕೋ ತಮ್ಮಾ, ಬೆಕ್ಕ ಬಂದೈತಿ' ಅಂತ ಅವ್ವ ಕೂಗುತ್ತಲೇ ಇರುತ್ತಾಳೆ.