ಹೊರಗಿನ ಮಾನಿಟರ್ ಮಿನುಗುತ್ತಿದ್ದರೆ ಮೊದಲು ರಿಫ್ರೆಶ್ ರೇಟ್ ಇಳಿಸಿ ನೋಡಿ

ಹೊಸ ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ ಮೂಲಕ ಜೋಡಿಸಿದ 4ಕೆ ಮಾನಿಟರ್ ಆಗಾಗ ಕ್ಷಣಕಾಲ ಕಪ್ಪಾಗುತ್ತಿದ್ದರೆ ಅಥವಾ ಪರದೆಯ ತುಂಬ ಬಿಳಿ ಚುಕ್ಕೆಗಳು ಮಿನುಗುತ್ತಿದ್ದರೆ, ಡ್ರೈವರ್ (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶ) ಅಳಿಸಿ ಮತ್ತೆ ಹಾಕುವ ಶ್ರಮಕ್ಕೆ ಮೊದಲು ರಿಫ್ರೆಶ್ ರೇಟನ್ನು, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಬಾರಿ ಹೊಸದಾಗುತ್ತದೆ ಎಂಬುದನ್ನು, 60 ಹರ್ಟ್ಸ್‌ನಿಂದ 30ಕ್ಕೆ ಇಳಿಸಿ ನೋಡಿ. ವಿಂಡೋಸ್ 11ರಲ್ಲಿ ಇದು ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ, ಡಿಸ್‌ಪ್ಲೇ ಪುಟದ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂಬಲ್ಲಿ ಸಿಗುತ್ತದೆ. ತೊಂದರೆ ಅಲ್ಲಿಗೇ ನಿಂತರೆ ದೋಷ ಬಹುತೇಕ ಕೇಬಲ್ಲಿನದು. 4ಕೆ ಚಿತ್ರವನ್ನು 60 ಹರ್ಟ್ಸ್‌ನಲ್ಲಿ ಕಳುಹಿಸಲು ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಸಾಗಿಸುವ ಕೇಬಲ್ ಬೇಕು; ಎಚ್‌ಡಿಎಂಐ 1.4ರ ಕಾಲದ ಕೇಬಲ್ಲುಗಳಿಗೆ ಖಾತರಿಯಿದ್ದದ್ದು 10.2 ಗಿಗಾಬಿಟ್‌ಗೆ ಮಾತ್ರ, 30 ಹರ್ಟ್ಸ್‌ನ ಚಿತ್ರವಾದರೆ ಅಷ್ಟರೊಳಗೆ ಹಿಡಿಸುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಅದೇ ಕೇಬಲ್ ಸರಿಯಾಗಿ ನಡೆಯುತ್ತಿತ್ತು ಎಂಬುದು ಇಲ್ಲಿ ಸಾಕ್ಷಿಯಾಗದು, ಏಕೆಂದರೆ ಆ ಯಂತ್ರ ಕಡಿಮೆ ವೇಗದಲ್ಲೇ ಚಿತ್ರ ಕಳುಹಿಸುತ್ತಿದ್ದಿರಬಹುದು. ಆದರೆ 30 ಹರ್ಟ್ಸ್‌ನಲ್ಲಿ ಮೌಸ್ ಚಲನೆ ತಡವರಿಸುವುದರಿಂದ ಅದನ್ನು ಪರೀಕ್ಷೆಗಷ್ಟೇ ಬಳಸಿ, ಬಳಿಕ 'ಪ್ರೀಮಿಯಂ ಹೈ ಸ್ಪೀಡ್' ಎಂದು ಪ್ರಮಾಣಿತವಾದ, ಸಾಧ್ಯವಾದಷ್ಟು ಗಿಡ್ಡನೆಯ ಕೇಬಲ್ ಕೊಳ್ಳುವುದು ಒಳ್ಳೆಯದು. ನಡುವೆ ಯುಎಸ್‌ಬಿ-ಸಿ ಹಬ್ ಇದ್ದರೆ ಅದನ್ನು ತೆಗೆದು ನೇರವಾಗಿ ಜೋಡಿಸಿ ಪರೀಕ್ಷಿಸಿ, ಹಲವು ಅಗ್ಗದ ಹಬ್‌ಗಳ ಮಿತಿಯೇ 30 ಹರ್ಟ್ಸ್. ರೇಟ್ ಇಳಿಸಿದರೂ ಮಿನುಗುವಿಕೆ ಮುಂದುವರಿದರೆ, ಅಥವಾ ಲ್ಯಾಪ್‌ಟಾಪಿನ ಸ್ವಂತ ಪರದೆಯೂ ಹಾಗೆಯೇ ಮಾಡಿದರೆ, ಈ ಉಪಾಯ ನೆರವಾಗದು. ಆಗ ಒಂದು ಸ್ಕ್ರೀನ್‌ಶಾಟ್ ತೆಗೆದು ಬೇರೆ ಸಾಧನದಲ್ಲಿ ನೋಡಿ, ಅದರಲ್ಲಿಯೂ ಕಲೆಗಳು ಕಂಡರೆ ಡ್ರೈವರ್ ಅಥವಾ ಗ್ರಾಫಿಕ್ಸ್ ಚಿಪ್ಪನ್ನೇ ಶಂಕಿಸಬೇಕಾಗುತ್ತದೆ.